ದೊಡ್ಡವರ ಬದುಕಿನಿಂದ ಒಂದು ಚಿಕ್ಕ ಕೆಲಸ: ಊರಿನ ಸಂಘ ನಡೆಸುವವರು ನಾಯಕರ ಕಥೆಯನ್ನು ಓದುವುದು ಹೇಗೆ?

ಅವತ್ತು ಸಂಜೆ ಡೇರಿಗೆ ಫೀಡ್ (ಹಸುಗಳ ಹಿಂಡಿ) ಲಾರಿ ಬಂತು. ನಾವು ಕೇಳಿದ್ದು 110 ಮೂಟೆ, ಬಂದಿದ್ದು 60. ಹಾಲು ಹಾಕುವವರೆಲ್ಲ ಡೇರಿ ಮುಂದೆ ನಿಂತಿದ್ದಾರೆ. ನಮ್ಮೂರಿನ ರೂಢಿ ಏನು ಅಂದರೆ, ಮೊದಲು ಅಧ್ಯಕ್ಷರ ಮನೆಗೆ ನಾಲ್ಕು ಮೂಟೆ, ಆಮೇಲೆ ನಿರ್ದೇಶಕರಿಗೆ ಎರಡೆರಡು, ಮಿಕ್ಕಿದ್ದು ಮಿಕ್ಕವರಿಗೆ. ಅಧ್ಯಕ್ಷ ನಾನೇ. ಮೂಟೆ ಇಳಿಸುವ ಹುಡುಗ ಮೊದಲನೆಯದನ್ನು ಬೆನ್ನಿಗೇರಿಸಿಕೊಂಡು ನನ್ನ ಕಡೆ ತಿರುಗಿ, "ಎಲ್ಲಿಗಣ್ಣ, ನಿಮ್ಮನೆಗಾ?" ಅಂದ.

ನಾನು ಏನು ಹೇಳಿದೆ ಅನ್ನೋದನ್ನ ಆಮೇಲೆ ಹೇಳುತ್ತೇನೆ. ಆ ಉತ್ತರ ನನಗೆ ಸಿಕ್ಕಿದ್ದು ಬರ್ಮಾ ಕಾಡಿನಲ್ಲಿ ಯುದ್ಧ ಮಾಡಿದ ಒಬ್ಬ ಸೇನಾಪತಿಯ ಬದುಕಿನಿಂದ. ಹಾಗೆ ಸಿಗಬೇಕಾದರೆ ಓದುವ ಕ್ರಮವನ್ನೇ ಬದಲಾಯಿಸಿಕೊಳ್ಳಬೇಕಾಯಿತು. ಆ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ನಾನು ಹಾಸನ ಜಿಲ್ಲೆ ಆಲೂರು ತಾಲೂಕಿನವನು. ದಾರಿ, ಸೇತುವೆ ಮಾಡುವ ಸೇನೆಯ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನಲ್ಲಿ 17 ವರ್ಷ ಇದ್ದು, ಹವಾಲ್ದಾರ್ ಆಗಿ ನಿವೃತ್ತನಾಗಿ ಊರಿಗೆ ಬಂದೆ. ಕೆಲವು ವರ್ಷ ಕಳೆದ ಮೇಲೆ ಊರಿನವರು ಹಾಲಿನ ಡೇರಿಗೆ ಅಧ್ಯಕ್ಷನನ್ನಾಗಿ ಮಾಡಿದರು. ಅಷ್ಟು ಹೊತ್ತಿಗೆ ಕಾರ್ಯಪ್ಪ, ತಿಮ್ಮಯ್ಯ, ಶಾಸ್ತ್ರಿ, ಇಂದಿರಾ ಗಾಂಧಿ ಎಲ್ಲರ ಬಗ್ಗೆಯೂ ಓದಿದ್ದೆ. ಜನವರಿ 15ಕ್ಕೆ ಶಾಲೆಯಲ್ಲಿ ಸೇನಾ ದಿನದ ಭಾಷಣ ಮಾಡುತ್ತಿದ್ದವನೂ ನಾನೇ. 1949ರಲ್ಲಿ ಅದೇ ದಿನ ಕಾರ್ಯಪ್ಪನವರು ನಮ್ಮ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು ಅಂತ ಮಕ್ಕಳಿಗೆ ಹೇಳುವಾಗ ಎದೆ ಉಬ್ಬುತ್ತಿತ್ತು.

ಡೇರಿಗೆ ಬಂದ ಮೊದಲ ತಿಂಗಳೇ ಒಂದು ನೋಟೀಸ್ ಹಾಕಿಸಿದೆ. ಬೆಳಗ್ಗೆ 7.15ರ ಮೇಲೆ ಬಂದ ಹಾಲು ತೆಗೆದುಕೊಳ್ಳುವುದಿಲ್ಲ. ಶಿಸ್ತು ಬೇಕಲ್ವಾ? ಎರಡು ತಿಂಗಳಲ್ಲಿ ಕಾಡಂಚಿನ ಕೊಪ್ಪಲಿನ ಹಾಲು ಪೂರ್ತಿ ಖಾಸಗಿ ವ್ಯಾನಿಗೆ ಹೋಯಿತು. ಅಲ್ಲಿನ ಒಬ್ಬ ಅಜ್ಜಿಯನ್ನು ಸಂತೆಯಲ್ಲಿ ಕಂಡಾಗ ಕೇಳಿದೆ. ಅವರು ಚೀಲ ಕೆಳಗಿಟ್ಟು ಹೇಳಿದರು: "ದಾರೀಲಿ ಆನೆ ನಿಂತಿರ್ತದೆ ಮಗ. ಬೆಳಕು ಹರಿದ ಮೇಲೆ ನಾವು ಹೊರಡಾದು. ನಿನ್ ನೋಟೀಸ ಅದಕ್ಕೂ ಒಂದ್ಸಲ ಓದಿ ಹೇಳು."

ಅಷ್ಟು ಜನ ನಾಯಕರ ಬಗ್ಗೆ ಓದಿದವನಿಗೆ ಆ ದಾರಿಯಲ್ಲಿ ಬೆಳಗ್ಗೆ ಒಂದು ಸಲ ನಡೆದು ನೋಡಬೇಕು ಅಂತ ಹೊಳೆದಿರಲಿಲ್ಲ. ಅವತ್ತಿನಿಂದ ಓದುವ ಕ್ರಮ ಬದಲಾಯಿಸಿದೆ. ಹೊಸದಾಗಿ ಡೇರಿ ಅಧ್ಯಕ್ಷರಾದವರು, ಸ್ತ್ರೀಶಕ್ತಿ ಸಂಘದ ಪ್ರತಿನಿಧಿಗಳು, ಯುವಕ ಸಂಘದ ಹುಡುಗರು, ಮೊದಲ ಸಲ ಗೆದ್ದ ಪಂಚಾಯಿತಿ ಸದಸ್ಯರು, ಇವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೇಕಾಗುವುದು ಒಂದು 100 ಪುಟದ ನೋಟ್‌ಬುಕ್, ದಿನಕ್ಕೆ ಅರ್ಧ ಗಂಟೆ.

ಹೆಜ್ಜೆ 1: ಮೊದಲು ನಿಮ್ಮ ತೊಂದರೆ ಬರೆಯಿರಿ, ಆಮೇಲೆ ನಾಯಕರನ್ನು ಹುಡುಕಿ

ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ. ಇಷ್ಟವಾದ ನಾಯಕರ ಕಥೆ ಓದುತ್ತೇವೆ, ರೋಮಾಂಚನ ಆಗುತ್ತದೆ, ಪುಸ್ತಕ ಮುಚ್ಚಿಡುತ್ತೇವೆ. ಮೊದಲ ಪುಟದಲ್ಲಿ ನಿಮ್ಮ ಸಂಘದ ಒಂದು ತೊಂದರೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ. "ಸಂಘದಲ್ಲಿ ಒಗ್ಗಟ್ಟಿಲ್ಲ" ಅಂತ ಬರೆದರೆ ಪ್ರಯೋಜನವಿಲ್ಲ. "ಕಳೆದ ಮೂರು ಸಭೆಗೆ 12 ಜನರಲ್ಲಿ 5 ಜನ ಮಾತ್ರ ಬಂದರು" ಅಂತ ಬರೆಯಿರಿ. ಎಣಿಸಲು ಬರುವ ಹಾಗೆ ಇರಬೇಕು.

ಆಮೇಲೆ ಅದೇ ಥರದ ತೊಂದರೆ ಯಾರಿಗೆ ಬಂದಿತ್ತು ಅಂತ ಹುಡುಕಿ. ಇಡೀ ಜೀವನ ಚರಿತ್ರೆ ಬೇಡ. ಒಂದು ಘಟನೆ ಸಾಕು.

ಚುನಾವಣೆಯಲ್ಲಿ ಸೋತು ಮನೆಯಲ್ಲಿ ಕೂತಿದ್ದೀರಾ? ನಮ್ಮ ಜಿಲ್ಲೆಯವರನ್ನೇ ನೋಡಿ. ಹರದನಹಳ್ಳಿಯ ದೇವೇಗೌಡರು ಹಾಸನದ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದವರು. 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದರು. 1989ರಲ್ಲಿ ಅದೇ ಹೊಳೆನರಸೀಪುರದಲ್ಲಿ ಸೋತರು. 1991ರಲ್ಲಿ ಹಾಸನದಿಂದ ಲೋಕಸಭೆಗೆ ಹೋದರು, 1994ರಲ್ಲಿ ಮುಖ್ಯಮಂತ್ರಿ, 1996ರಲ್ಲಿ ಪ್ರಧಾನಿ. 1989ರಿಂದ 1991ರವರೆಗಿನ ಎರಡು ವರ್ಷದ ಬಗ್ಗೆ ಅವರ ಜೊತೆ ಓಡಾಡಿದ ಹಿರಿಯರು ನಿಮ್ಮ ತಾಲೂಕಿನಲ್ಲೇ ಸಿಗುತ್ತಾರೆ. ಹೋಗಿ ಮಾತಾಡಿಸಿ. ಪಕ್ಕದ ಚಿಕ್ಕಮಗಳೂರಿನ ಹಿರಿಯರಿಗೆ 1978ರ ಉಪಚುನಾವಣೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. 1977ರಲ್ಲಿ ರಾಯ್‌ಬರೇಲಿಯಲ್ಲಿ 55 ಸಾವಿರಕ್ಕೂ ಜಾಸ್ತಿ ಮತದಿಂದ ಸೋತಿದ್ದ ಇಂದಿರಾ ಗಾಂಧಿ, ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನಕ್ಕೆ ಇಲ್ಲಿ ನಿಂತು, ವೀರೇಂದ್ರ ಪಾಟೀಲರ ಎದುರು 70 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು.

ಒಂದು ಮಾತು. ಘಟನೆ ಆರಿಸುವಾಗ ಪಕ್ಷ, ಜಾತಿ, ಅಭಿಮಾನ ಪಕ್ಕಕ್ಕಿಡಿ. ನಿಮಗೆ ಆಗದವರ ಬದುಕಿನಲ್ಲೂ ನಿಮ್ಮ ತೊಂದರೆಗೆ ಉತ್ತರ ಇರಬಹುದು. ನನಗೆ ಹಾಗೆ ಸಿಕ್ಕಿದೆ.

ಹೆಜ್ಜೆ 2: ಗೆದ್ದ ದಿನ ಬಿಡಿ, ಅದರ ಹಿಂದಿನ ಎರಡು ತಿಂಗಳು ಓದಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೊಡಗಿನ ತಿಮ್ಮಯ್ಯನವರ ಜೋಜಿಲಾ ಕಥೆ ನಿಮಗೆ ಗೊತ್ತಿರಬಹುದು. 1948ರ ನವೆಂಬರ್ 1. ಕಾಶ್ಮೀರದಿಂದ ಲಡಾಖ್‌ಗೆ ಹೋಗುವ, ಹನ್ನೊಂದೂವರೆ ಸಾವಿರ ಅಡಿ ಎತ್ತರದ ಆ ಕಣಿವೆ ದಾರಿಗೆ ಟ್ಯಾಂಕ್ ಹತ್ತಿಸಿದರು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರಬಹುದು ಅಂತ ಪಾಕಿಸ್ತಾನದ ಕಡೆಯ ಎದುರಾಳಿಗಳು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯ ತಾವೇ ಮುಂದಿನ ಟ್ಯಾಂಕಿನಲ್ಲಿದ್ದರು. ಭಾಷಣಕ್ಕೆ ಇಷ್ಟು ಸಾಕು, ಚಪ್ಪಾಳೆ ಬೀಳುತ್ತದೆ.

ಆದರೆ ಸಂಘ ನಡೆಸುವವರು ಸೆಪ್ಟೆಂಬರ್ ತಿಂಗಳು ನೋಡಬೇಕು. ಆ ಕಣಿವೆ ಎದುರಾಳಿಗಳ ಕೈಯಲ್ಲಿದ್ದರೆ ಲೇಹ್‌ಗೆ ಆ ಕಡೆಯ ದಾರಿ ಬಂದ್. ಸೆಪ್ಟೆಂಬರ್‌ನಲ್ಲಿ ನಮ್ಮ ಕಾಲಾಳುಗಳು ಒಂದಲ್ಲ, ಎರಡು ಸಲ ಹತ್ತಲು ನೋಡಿದರು. ಎರಡು ಸಲವೂ ಆಗಲಿಲ್ಲ. ಮೇಲಿನ ಬಂಡೆಗಳ ಮರೆಯಿಂದ ಬರುವ ಗುಂಡಿಗೆ ಎದೆಯೊಡ್ಡಿ ಹತ್ತಬೇಕಿತ್ತು. ಚಳಿಗಾಲ ಹತ್ತಿರ ಬರುತ್ತಿತ್ತು. ಮೂರನೇ ಸಲವೂ ಅದೇ ಜನರನ್ನು ಅದೇ ದಾರಿಯಲ್ಲಿ ಕಳಿಸಿ "ಇನ್ನೂ ಧೈರ್ಯವಾಗಿ ಹೋಗಿ" ಅನ್ನಬಹುದಿತ್ತು. ಹಾಗೆ ಮಾಡಲಿಲ್ಲ. ಸಾಧನವನ್ನೇ ಬದಲಾಯಿಸಿದರು.

ಬದಲಾಯಿಸಿದ್ದು ಹೇಗೆ ಅನ್ನೋದು ಇನ್ನೂ ಚೆನ್ನಾಗಿದೆ. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಜಮ್ಮು ಕಡೆಯಿಂದ ಶ್ರೀನಗರಕ್ಕೆ ಬರಬೇಕಿತ್ತು. ದಾರಿಯ ಸೇತುವೆಗಳು ಅಷ್ಟು ಭಾರ ತಡೆಯುವುದಿಲ್ಲ. ಟ್ಯಾಂಕಿನ ಮೇಲಿನ ತೋಪಿನ ಟರೆಟ್ ಬಿಚ್ಚಿ, ಬೇರೆ ಬೇರೆಯಾಗಿ ಸಾಗಿಸಿದರು. ಯಾರಿಗೂ ಗೊತ್ತಾಗದ ಹಾಗೆ ಟಾರ್ಪಾಲ್ ಹೊದೆಸಿ ರಾತ್ರಿ ಹೊತ್ತು ತಂದರು. ಕಣಿವೆಯ ಬುಡದಲ್ಲಿರುವ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದಿದ್ದು ಹೇಸರಗತ್ತೆ ಹೋಗುವಷ್ಟು ದಾರಿ. ಅದನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ನಮ್ಮ ಮದ್ರಾಸ್ ಸ್ಯಾಪರ್ಸ್‌ನ ಎರಡು ಕಂಪನಿ. ಮೇಲಿಂದ ಗುಂಡು ಬೀಳುತ್ತಿರುವಾಗಲೇ ಕಲ್ಲು ಒಡೆದರು. ದಾಳಿ ಅಕ್ಟೋಬರ್‌ನಲ್ಲೇ ಆಗಬೇಕಿತ್ತು, ಹವಾಮಾನ ಕೆಟ್ಟು ಮುಂದಕ್ಕೆ ಹೋಯಿತು. ಕಾದರು. ನವೆಂಬರ್ ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಎರಡೂ ಕೈಗೆ ಬಂದವು.

ನಾನು ಅದೇ ರೆಜಿಮೆಂಟಿನವನು. ಬೆಂಗಳೂರಿನ ನಮ್ಮ ಸೆಂಟರಿನಲ್ಲಿ ಸ್ಯಾಪರ್‌ಗಳನ್ನು "ತಂಬಿ" (ತಮಿಳಿನಲ್ಲಿ ತಮ್ಮ) ಅಂತ ಕರೆಯುತ್ತಾರೆ. ತಿಮ್ಮಯ್ಯನವರ ಹೆಸರು ದೇಶಕ್ಕೆ ಗೊತ್ತು, ಸರಿ. ದಾರಿ ಅಗಲ ಮಾಡಿದ ತಂಬಿಗಳ ಹೆಸರು ಎಷ್ಟು ಜನಕ್ಕೆ ಗೊತ್ತು? ಪ್ರತಿ ಕಥೆಯಲ್ಲೂ ಇವರನ್ನು ಹುಡುಕಿ.

ಈಗ ನೋಟ್‌ಬುಕ್ ತೆಗೆಯಿರಿ. ಪುಟಕ್ಕೆ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ, ಆಗಲೇ ಮಾಡಿ ಸೋತ ದಾರಿ ಯಾವುದು. ಎರಡನೆಯದರಲ್ಲಿ, ಏನನ್ನು ಬದಲಾಯಿಸಿದರು. ಮೂರನೆಯದರಲ್ಲಿ, ಹೆಸರಿಲ್ಲದ ಯಾರ ಕೆಲಸದಿಂದ ಅದು ಸಾಧ್ಯವಾಯಿತು. ಅದರ ಕೆಳಗೆ ನಿಮ್ಮ ತೊಂದರೆಗೂ ಅದೇ ಮೂರು ಕಾಲಂ ತುಂಬಿಸಿ.

ನನ್ನದು ಹೀಗಿತ್ತು. ಸೋತ ದಾರಿ: ನೋಟೀಸ್ ಹಾಕಿದ್ದು, ಅದೂ ಆಗದೆ ಇದ್ದಾಗ ಸಭೆಯಲ್ಲಿ ಕೊಪ್ಪಲಿನವರನ್ನು ಗದರಿದ್ದು. ಎರಡು ಸಲ ಹತ್ತಲು ಹೋಗಿ ಎರಡು ಸಲ ಜಾರಿದ ಹಾಗೆ. ಬದಲಾಯಿಸಬೇಕಾದ್ದು: ಜನ ಹಾಲು ಹೊತ್ತು ಡೇರಿಗೆ ಬರುವ ಬದಲು ಕ್ಯಾನ್ ಅವರ ಹತ್ತಿರ ಹೋಗಬೇಕು. ಊರಿನ ಒಂದು ಗೂಡ್ಸ್ ಆಟೋ ಮಾತಾಡಿದೆವು. ಬೆಳಕು ಹರಿದ ಮೇಲೆ ಕೊಪ್ಪಲಿನ ಅರಳಿಕಟ್ಟೆ ಹತ್ತಿರ ನಿಲ್ಲುತ್ತದೆ, ಅಲ್ಲೇ ಅಳತೆ, ಅಲ್ಲೇ ಸ್ಯಾಂಪಲ್. ಮೂರನೇ ಕಾಲಂ: ಆಟೋ ತಿರುಗಿಸಲು ಜಾಗ ಇರಲಿಲ್ಲ. ಅಲ್ಲಿನ ಆರು ಹುಡುಗರು ಒಂದು ಭಾನುವಾರ ಲಂಟಾನ ಪೊದೆ ಕಡಿದು ಜಾಗ ಮಾಡಿಕೊಟ್ಟರು. ಅವರ ಹೆಸರನ್ನು ಸರ್ವಸದಸ್ಯರ ಸಭೆಯಲ್ಲಿ ಓದಿದೆ. ಹಾಲು ವಾಪಸ್ ಬಂತು, ಅಜ್ಜಿಯದೂ.

ಕೆಲಸಗಾರರ ಹೆಸರು ಹೇಳುವ ಇದೇ ಕೆಲಸವನ್ನು ಕಲ್ಲಿನಲ್ಲಿ ನೋಡಬೇಕಾದರೆ ಬೇಲೂರಿಗೆ ಹೋಗಿ. ಹೊಯ್ಸಳ ರಾಜ ವಿಷ್ಣುವರ್ಧನ ತಲಕಾಡು ಗೆದ್ದ ಮೇಲೆ, 1117ರಲ್ಲಿ ಪ್ರತಿಷ್ಠೆಯಾದ ದೇವಸ್ಥಾನ. ರಾಜನ ಹೆಸರು ಶಾಸನದಲ್ಲಿದೆ. ಜೊತೆಗೆ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ ಕೆತ್ತಿದವರ ಹೆಸರೂ ಇದೆ. ಕೆಲಸಗಾರ ತನ್ನ ಹೆಸರು ಕೆತ್ತಿಕೊಳ್ಳಬಹುದು ಅಂತ ಬಿಟ್ಟಿದ್ದರಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಹೆಜ್ಜೆ 3: ಕಥೆ ಹೇಳುತ್ತಿರುವುದು ಯಾರು ಅಂತ ಕೇಳಿ

ಸೇನಾ ಮುಖ್ಯಸ್ಥರಾಗಿದ್ದ ಮಾಣೆಕ್ ಶಾ 1971ರ ಏಪ್ರಿಲ್‌ನಲ್ಲಿ ಇಂದಿರಾ ಗಾಂಧಿಯವರಿಗೆ "ಈಗ ಯುದ್ಧ ಬೇಡ" ಅಂತ ನೇರವಾಗಿ ಹೇಳಿದ ಕಥೆ ಎಲ್ಲರಿಗೂ ಇಷ್ಟ. ಮಳೆಗಾಲ ಬರುತ್ತದೆ, ಪೂರ್ವ ಬಂಗಾಳದ ನದಿಗಳು ಉಕ್ಕುತ್ತವೆ, ಹಿಮಾಲಯದ ದಾರಿಗಳು ತೆರೆದಿರುತ್ತವೆ ಅನ್ನುವ ಕಾರಣಗಳು. ಪಾಕಿಸ್ತಾನದ ಜೊತೆ ಯುದ್ಧ ನಡೆದಿದ್ದು ಡಿಸೆಂಬರ್ 3ರಿಂದ 16ರವರೆಗೆ. ಅವರ ಕಡೆಯ ಸುಮಾರು 93 ಸಾವಿರ ಜನ ಸೆರೆಯಾದರು. ಆದರೆ ಏಪ್ರಿಲ್‌ನ ಆ ಮಾತುಕತೆಯನ್ನು ನಾವು ಕೇಳಿರುವುದು ಹೆಚ್ಚಾಗಿ ಮಾಣೆಕ್ ಶಾ ಅವರೇ ಮುಂದೆ ಹೇಳಿಕೊಂಡಿದ್ದರಿಂದ. ಸರ್ಕಾರದ ಒಳಗೂ ಆಗಲೇ ಕಾಯೋಣ ಅನ್ನುವ ಆಲೋಚನೆ ಇತ್ತು ಅಂತ ಹೇಳುವ ಇತಿಹಾಸಕಾರರಿದ್ದಾರೆ.

ಇದರಿಂದ ಮಾಣೆಕ್ ಶಾ ಚಿಕ್ಕವರಾಗುವುದಿಲ್ಲ. ಆದರೆ "ಒಬ್ಬ ಗಂಡೆದೆಯವನು ಟೇಬಲ್ ಕುಟ್ಟಿದ, ಎಲ್ಲ ಸರಿಹೋಯಿತು" ಅಂತ ಮಾತ್ರ ಕಲಿತರೆ ನೀವೂ ಸಭೆಯಲ್ಲಿ ಟೇಬಲ್ ಕುಟ್ಟುತ್ತೀರಿ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಎಂಟು ತಿಂಗಳು ನಡೆದ ತಯಾರಿ ಕಣ್ಣಿಗೆ ಬೀಳುವುದೇ ಇಲ್ಲ. ಪ್ರತಿ ಘಟನೆಯ ಪಕ್ಕ "ಯಾರು ಹೇಳಿದ್ದು?" ಅಂತ ಬರೆದುಕೊಳ್ಳಿ. ಸಾಧ್ಯವಾದರೆ ಇನ್ನೊಬ್ಬರು ಹೇಳಿದ್ದನ್ನೂ ಓದಿ.

ಹೆಜ್ಜೆ 4: ಅವರು ಸ್ವಂತಕ್ಕೆ ಕಳೆದುಕೊಂಡಿದ್ದೇನು ಅಂತ ಹುಡುಕಿ

ಈಗ ಫೀಡ್ ಮೂಟೆಯ ವಿಷಯ.

ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಜಪಾನಿಯರ ಎದುರು ನಿಂತ ಬ್ರಿಟಿಷರ 14ನೇ ಸೇನೆಯ ಮುಖ್ಯಸ್ಥ ವಿಲಿಯಂ ಸ್ಲಿಮ್. ಆ ಸೇನೆಯಲ್ಲಿ ಭಾರತೀಯ ಸೈನಿಕರೇ ಜಾಸ್ತಿ. ಕಾಡು, ಮಳೆ, ರಸ್ತೆ ಇಲ್ಲ, ವಿಮಾನದಿಂದ ಊಟ ಬೀಳಬೇಕು. ಎಷ್ಟೋ ಸಲ ಮುಂಚೂಣಿಯ ಸೈನಿಕರಿಗೆ ಅರ್ಧ ರೇಷನ್. ಹಾಗಾದಾಗಲೆಲ್ಲ ಸ್ಲಿಮ್ ತಮ್ಮ ಮುಖ್ಯ ಕಚೇರಿಗೂ ಅರ್ಧ ರೇಷನ್ ಮಾಡುತ್ತಿದ್ದರು. ಕಚೇರಿಯವರು ಉಳಿಸಿದ ಅಕ್ಕಿಯಿಂದ ಕಾಡಿನಲ್ಲಿರುವವನ ಹೊಟ್ಟೆ ತುಂಬುವುದಿಲ್ಲ, ನಿಜ. ಆದರೆ ರೇಷನ್ ಕಳಿಸುವ ಅಧಿಕಾರಿಗಳಿಗೆ ಹಸಿವು ಏನು ಅಂತ ಗೊತ್ತಾಗುತ್ತದೆ, ಅವರು ಬೇಗ ಕಳಿಸುತ್ತಾರೆ.

ಲಾಲ್ ಬಹದ್ದೂರ್ ಶಾಸ್ತ್ರಿಯವರೂ ಅದೇ ಥರ. 1965ರಲ್ಲಿ ಯುದ್ಧ, ಜೊತೆಗೆ ಆಹಾರದ ಕೊರತೆ. ವಾರಕ್ಕೆ ಒಂದು ಹೊತ್ತು ಊಟ ಬಿಡಿ ಅಂತ ದೇಶವನ್ನು ಕೇಳಿಕೊಂಡರು. ಕೇಳುವ ಮೊದಲು ತಮ್ಮ ಮನೆಯಲ್ಲಿ ಶುರುಮಾಡಿದ್ದರು. ಎಷ್ಟೋ ಊರುಗಳಲ್ಲಿ ಸೋಮವಾರ ರಾತ್ರಿ ಹೋಟೆಲುಗಳು ಬಾಗಿಲು ಹಾಕಿದವು. ನಮ್ಮ ಕಡೆ ಸೋಮವಾರ ಒಪ್ಪತ್ತು ಇರುವವರು ಮೊದಲಿಂದಲೂ ಇದ್ದರಲ್ಲ, ಅವರಿಗೆ ಇದು ಕಷ್ಟ ಅನ್ನಿಸಲೇ ಇಲ್ಲವಂತೆ. ಅದೇ ಯುದ್ಧದಲ್ಲಿ ಕಾರ್ಯಪ್ಪನವರ ಮಗ, ವಾಯುಪಡೆಯ ಅಧಿಕಾರಿ, ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಡುತ್ತೇವೆ ಅಂದಾಗ ಕಾರ್ಯಪ್ಪನವರು, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಇವನೊಬ್ಬನಿಗೆ ಬೇರೆ ಲೆಕ್ಕ ಬೇಡ ಅಂದರು.

ಆ ಸಂಜೆ ಮೂಟೆ ಹೊತ್ತ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ನಮ್ಮನೆಗೆ ಬೇಡ. ಒಂದೇ ಹಸು ಇರೋರಿಂದ ಶುರುಮಾಡಪ್ಪ." ಒಂದು ಹಸುವಿನವರಿಗೆ ಮೊದಲು, ಆಮೇಲೆ ಎರಡು ಹಸುವಿನವರಿಗೆ, ಕೊನೆಗೆ ನಿರ್ದೇಶಕರು, ಎಲ್ಲರ ಹಿಂದೆ ನಾನು. ಅವತ್ತು ನಮ್ಮ ಮನೆಗೆ ಒಂದು ಮೂಟೆಯೂ ಬರಲಿಲ್ಲ. ನಮ್ಮ ಮನೆಯವರಿಗೆ ಬೇಜಾರಾಯಿತು, ಎರಡು ಹಸುವಿನ ಹಾಲು ಇಳಿಯಿತು. ನಿರ್ದೇಶಕರಲ್ಲಿ ಇಬ್ಬರು ಹದಿನೈದು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆದರೆ ಮುಂದಿನ ಲೋಡ್ ತಡವಾದಾಗ ಒಕ್ಕೂಟಕ್ಕೆ ದಿನಾ ಫೋನ್ ಮಾಡಿ ಕೂತವರು ಅದೇ ಇಬ್ಬರು.

ನೀವು ಮಾಡಬೇಕಾದ್ದು: ಓದಿದ ಘಟನೆಯಲ್ಲಿ ನಾಯಕರು ತಮ್ಮ ಪಾಲಿನಿಂದ ಏನು ಬಿಟ್ಟರು ಅಂತ ಒಂದು ಸಾಲು ಬರೆಯಿರಿ. ಕೆಳಗೆ ನಿಮ್ಮ ಸಂಘದಲ್ಲಿ ಪದಾಧಿಕಾರಿಗಳಿಗೆ ಮೊದಲು ಸಿಗುವ ವಸ್ತುಗಳ ಪಟ್ಟಿ ಮಾಡಿ. ಸಾಲ, ಬಿತ್ತನೆ ಬೀಜ, ಪ್ರವಾಸದ ಸೀಟು, ವೇದಿಕೆಯ ಕುರ್ಚಿ. ಅದರಲ್ಲಿ ಒಂದನ್ನು ಒಂದು ತಿಂಗಳು ಉಲ್ಟಾ ಮಾಡಿ. ಒಂದೇ ಸಾಕು. ಎಲ್ಲವನ್ನೂ ಒಟ್ಟಿಗೆ ಮಾಡಲು ಹೋದರೆ ಎರಡು ವಾರಕ್ಕೆ ನಿಲ್ಲುತ್ತದೆ.

ಹೆಜ್ಜೆ 5: ಹೇಳಿದ್ದು ನಡೆಯುತ್ತಿದೆಯಾ ಅಂತ ನೀವೇ ಹೋಗಿ ನೋಡಿ

ಸ್ಲಿಮ್ ಅವರ ಇನ್ನೊಂದು ವಿಷಯ ಹೇಳದೆ ಬಿಡಲು ಮನಸ್ಸಿಲ್ಲ. 1943ರಲ್ಲಿ ಅವರ ಸೇನೆಯಲ್ಲಿ ಗಾಯಗೊಂಡು ಆಸ್ಪತ್ರೆ ಸೇರಿದ ಒಬ್ಬನಿಗೆ ಎದುರಾಗಿ, ಮಲೇರಿಯಾ ಥರದ ಕಾಯಿಲೆಯಿಂದ ಹೊರಬಿದ್ದವರು 120 ಜನ. ಶತ್ರುವಿಗಿಂತ ಸೊಳ್ಳೆಯೇ ದೊಡ್ಡದು. ಔಷಧಿ ಇತ್ತು, ಮೆಪಾಕ್ರಿನ್ ಮಾತ್ರೆ. ಸೈನಿಕರು ನುಂಗುತ್ತಿರಲಿಲ್ಲ. ಮೈ ಹಳದಿಯಾಗುತ್ತಿತ್ತು, ಜೊತೆಗೆ ಗಂಡಸುತನ ಹೋಗುತ್ತದೆ ಅಂತ ಗಾಳಿಸುದ್ದಿ. ಸ್ಲಿಮ್ ಆದೇಶ ಹೊರಡಿಸಿ ಸುಮ್ಮನೆ ಕೂರಲಿಲ್ಲ. ಹೇಳದೆ ಕೇಳದೆ ಇಡೀ ತುಕಡಿಯನ್ನು ಪರೀಕ್ಷೆ ಮಾಡಿಸುತ್ತಿದ್ದರು. ನೂರಕ್ಕೆ 95 ಜನರ ಮೈಯಲ್ಲಿ ಮಾತ್ರೆಯ ಅಂಶ ಕಾಣದಿದ್ದರೆ ಆ ತುಕಡಿಯ ಕಮಾಂಡಿಂಗ್ ಅಧಿಕಾರಿ ಮನೆಗೆ. ಮೂವರನ್ನು ತೆಗೆದರು. ನಾಲ್ಕನೆಯವರನ್ನು ತೆಗೆಯುವ ಅಗತ್ಯ ಬರಲಿಲ್ಲ.

ಹಸು ಸಾಕಿದವರಿಗೆ ಇದನ್ನು ಓದಿದಾಗ ಏನು ನೆನಪಾಗುತ್ತದೆ ಹೇಳಿ. ಕಾಲುಬಾಯಿ ಜ್ವರದ ಲಸಿಕೆ! ಆರು ತಿಂಗಳಿಗೊಮ್ಮೆ ಪುಕ್ಕಟೆ ಹಾಕುತ್ತಾರೆ. ಆದರೂ ಹಸುವನ್ನು ತೋಟದ ಒಳಗೆ ಅಟ್ಟಿ "ಮೇಯಕ್ಕೆ ಹೋಗ್ಯದೆ ಸಾ" ಅನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಕಾರಣ ಅದೇ, ಹಾಲು ಬತ್ತಿಹೋಗುತ್ತದೆ ಅನ್ನುವ ಭಯ. ಒಂದೆರಡು ದಿನ ಸ್ವಲ್ಪ ಇಳಿಯಬಹುದು, ಅದನ್ನು ಮುಚ್ಚಿಡಬಾರದು. ಕಾಲುಬಾಯಿ ಬಂದ ಹಸುವಿನ ಬಾಯಿ ಹುಣ್ಣು, ಸುರಿಯುವ ಜೊಲ್ಲು, ಕಾಲೂರಲು ಆಗದೆ ನಡುಗುವುದು ಒಮ್ಮೆ ನೋಡಿದವರಿಗೆ ಆ ಎರಡು ದಿನ ಲೆಕ್ಕಕ್ಕೇ ಬರುವುದಿಲ್ಲ.

ನಾವು ಮಾಡಿದ್ದು ಹೀಗೆ. ಸದಸ್ಯರ ಪಟ್ಟಿ, ಪ್ರತಿ ಹಸುವಿನ ಕಿವಿಯೋಲೆಯ ನಂಬರು ಒಂದು ಪುಸ್ತಕದಲ್ಲಿ ಬರೆದೆವು. ಲಸಿಕೆ ದಿನ ಮೊದಲ ಇಂಜೆಕ್ಷನ್ ಎಲ್ಲರೆದುರು ನನ್ನ ಹಸುಗಳಿಗೆ. ಆ ವಾರ ನನ್ನ ಹಾಲಿನ ಅಳತೆಯನ್ನು ದಿನಾ ಬೋರ್ಡಿನಲ್ಲಿ ಬರೆಸಿದೆ. ಎರಡು ದಿನ ಇಳಿದಿದ್ದು, ಮತ್ತೆ ಮಾಮೂಲಿಗೆ ಬಂದಿದ್ದು ಎಲ್ಲರೂ ನೋಡಿದರು. ಆಮೇಲೆ ನಾನು, ಹಾಲು ಪರೀಕ್ಷಕ ಇಬ್ಬರೂ ಮನೆ ಮನೆಗೆ ಹೋಗಿ ಬಿಟ್ಟುಹೋದ ನಂಬರ್ ಹುಡುಕಿದೆವು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಸ್ಲಿಮ್ ಅಧಿಕಾರಿಗಳನ್ನು ತೆಗೆದುಹಾಕಬಹುದಿತ್ತು. ನಿಮಗೆ ಆಗುವುದಿಲ್ಲ. ಸೇನೆಯ ಆದೇಶದ ಹಿಂದೆ ಕಾನೂನಿದೆ, ಸಂಘದ ಮಾತಿನ ಹಿಂದೆ ನಂಬಿಕೆ ಮಾತ್ರ ಇದೆ. ಮನಸ್ಸಿಗೆ ಬೇಜಾರಾದರೆ ಸದಸ್ಯರು ನಾಳೆ ಬೆಳಗ್ಗೆ ಖಾಸಗಿ ವ್ಯಾನಿನ ಹತ್ತಿರ ನಿಲ್ಲುತ್ತಾರೆ. ಅದು ಅವರ ಹಕ್ಕು. ಆದ್ದರಿಂದ ಸೈನ್ಯದ ಕಥೆಯಿಂದ ಪರಿಶೀಲನೆ ತೆಗೆದುಕೊಳ್ಳಿ, ಶಿಕ್ಷೆಯನ್ನು ಅಲ್ಲೇ ಬಿಡಿ. ನಾನು 7.15ರ ನೋಟೀಸಿನಲ್ಲಿ ಮಾಡಿದ್ದು ಇದೇ ತಪ್ಪು.

ಹೆಜ್ಜೆ 6: ತಪ್ಪಿಗೆ ಒಂದು ಪುಟ ಬಿಡಿ

ಅಭಿಮಾನ ಇದ್ದ ಕಡೆ ಈ ಪುಟ ಖಾಲಿ ಉಳಿಯುತ್ತದೆ. ತಿಮ್ಮಯ್ಯನವರನ್ನು ನಾನು ಪೂಜಿಸುತ್ತೇನೆ ಅಂದರೂ ತಪ್ಪಿಲ್ಲ. ಆದರೆ 1959ರಲ್ಲಿ ಸೇನಾ ಮುಖ್ಯಸ್ಥರಾಗಿದ್ದಾಗ, ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದದೆ ರಾಜೀನಾಮೆ ಕೊಟ್ಟರು. ನೆಹರೂ ಸಮಾಧಾನ ಮಾಡಿದ ಮೇಲೆ ವಾಪಸ್ ತೆಗೆದುಕೊಂಡರು. ಆಮೇಲೆ ನೆಹರೂ ಸಂಸತ್ತಿನಲ್ಲಿ ತಿಮ್ಮಯ್ಯನವರನ್ನೇ ಟೀಕಿಸಿ ಮಾತಾಡಿದರು. ಮೆನನ್ ಅಲ್ಲೇ ಉಳಿದರು, ಕಾರಣಗಳೂ ಅಲ್ಲೇ ಉಳಿದವು. ನನ್ನ ಪುಟದಲ್ಲಿ ಹೀಗೆ ಬರೆದುಕೊಂಡಿದ್ದೇನೆ: ರಾಜೀನಾಮೆ ಬರೆಯುವ ಮೊದಲು ಏನು ಬದಲಾದರೆ ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಬರೆದಿಟ್ಟುಕೊಳ್ಳಬೇಕು. ಅದು ಆಗದೆ ವಾಪಸ್ ತೆಗೆದುಕೊಳ್ಳಬಾರದು. ಸಂಘಗಳಲ್ಲಿ ಸಿಟ್ಟಿಗೆ ರಾಜೀನಾಮೆ ಬಿಸಾಡುವವರು ಎಷ್ಟು ಜನ ಅಂತ ನಿಮಗೇ ಗೊತ್ತು. ರಾಜೀನಾಮೆ ಹೇಗಿರಬೇಕು ಅಂತ ನೋಡಬೇಕಾದರೆ 1956ರ ಶಾಸ್ತ್ರಿಯವರದನ್ನು ನೋಡಿ. ಅರಿಯಲೂರು ರೈಲು ಅಪಘಾತದ ಹೊಣೆ ಹೊತ್ತು ರೈಲ್ವೆ ಸಚಿವ ಸ್ಥಾನ ಬಿಟ್ಟರು. ಅದರಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ.

ಇಂದಿರಾ ಗಾಂಧಿಯವರ ಪುಟದಲ್ಲಿ ತುರ್ತು ಪರಿಸ್ಥಿತಿ ಇರಲೇಬೇಕು. 1975ರ ಜೂನ್‌ನಿಂದ ಪತ್ರಿಕೆಗಳಿಗೆ ಸೆನ್ಸಾರ್, ವಿರೋಧ ಪಕ್ಷದವರು ಜೈಲಿನಲ್ಲಿ. ದೇವೇಗೌಡರೂ ಜೈಲಿನಲ್ಲಿದ್ದರು. ಬೇಡ ಅನ್ನುವ ದನಿಯನ್ನೆಲ್ಲ ಮುಚ್ಚಿಸಿದ ಮೇಲೆ ಊರಿನ ಮನಸ್ಸು ಏನು ಅಂತ ಕೇಳಿಸುವುದು ಹೇಗೆ? 1977ರ ಮಾರ್ಚ್‌ನಲ್ಲಿ ಜನ ಮತಪೆಟ್ಟಿಗೆಯಲ್ಲಿ ಹೇಳಿದರು.

ಇದಕ್ಕೆ ನಾವು ಮಾಡಿಕೊಂಡ ಉಪಾಯ ಸುಲಭ. ಪ್ರತಿ ಸಭೆಯಲ್ಲಿ ಒಬ್ಬ ನಿರ್ದೇಶಕರಿಗೆ "ಬೇಡ" ಅನ್ನುವ ಕೆಲಸ. ನಾನು ತಂದ ಯಾವ ವಿಷಯಕ್ಕಾದರೂ ಅವರು ಎದ್ದು, ಇದು ಯಾಕೆ ಬೇಡ ಅಂತ ಮೂರು ಕಾರಣ ಹೇಳಬೇಕು. ಸರದಿ ಪ್ರಕಾರ ಎಲ್ಲರಿಗೂ ಬರುತ್ತದೆ. ಕೆಲಸ ಅಂತ ಕೊಟ್ಟಿದ್ದರಿಂದ ಯಾರಿಗೂ ಸಂಕೋಚ ಇಲ್ಲ, ನನಗೂ ಸಿಟ್ಟು ಬರುವುದಿಲ್ಲ. ಹೋದ ವರ್ಷ ಹೊಸ ಕಟ್ಟಡದ ಆಲೋಚನೆಯನ್ನು ಹೀಗೇ ಒಬ್ಬ ಅಕ್ಕ ತಡೆದರು. ಇರುವ ಚಾವಣಿ ಸೋರುತ್ತಿರುವಾಗ ಹೊಸದಕ್ಕೆ ಸಾಲ ಯಾಕೆ ಗೌಡ್ರೆ, ಮೊದಲು ಹೆಂಚು ತಿರುಗಿಸಿ ಅಂದರು. ಹೆಂಚು ತಿರುಗಿಸಿದೆವು.

ಹೆಜ್ಜೆ 7: ನೀವಿಲ್ಲದ ದಿನಕ್ಕೆ ತಯಾರಿ

ಹಾಸನದಿಂದ ಹಳೇಬೀಡು 30 ಕಿಲೋಮೀಟರ್ ಆಸುಪಾಸು. ಹೊಯ್ಸಳೇಶ್ವರ ದೇವಸ್ಥಾನಕ್ಕೆ ಹೋದವರು ಗೋಡೆಯ ಶಿಲ್ಪ ನೋಡಿಕೊಂಡು ಬರುತ್ತಾರೆ. ಅಲ್ಲೇ ಒಂದು ಕಂಬ ಇದೆ, ಗರುಡಗಂಬ ಅನ್ನುತ್ತಾರೆ. ಹತ್ತಿರ ಹೋಗಿ ನೋಡಿ. ಕಂಬದ ಸುತ್ತ ಚಿಕ್ಕ ಚಿಕ್ಕ ವೀರರು. ಕೈಯಲ್ಲಿ ಕತ್ತಿ. ಅವರು ಕತ್ತರಿಸುತ್ತಿರುವುದು ತಮ್ಮದೇ ಕತ್ತನ್ನು. ಎರಡನೇ ವೀರಬಲ್ಲಾಳನ ಗರುಡನಾಗಿದ್ದವನು ಕುವರ ಲಕ್ಷ್ಮ. ಗರುಡ ಅಂದರೆ ರಾಜನ ಜೊತೆಗೇ ಸಾಯುತ್ತೇನೆ ಅಂತ ಮಾತು ಕೊಟ್ಟವನು. 1220ರಲ್ಲಿ ರಾಜ ತೀರಿಕೊಂಡಾಗ ಅವನು, ಅವನ ಹೆಂಡತಿ, ಜೊತೆಗಾರರು ಪ್ರಾಣ ಬಿಟ್ಟರು ಅಂತ ಅಲ್ಲಿನ ಶಾಸನ ಹೇಳುತ್ತದೆ.

ಆ ಕಾಲಕ್ಕೆ ಅದು ನಿಷ್ಠೆಯ ತುದಿ. ಆ ಕಂಬದ ಮುಂದೆ ನಿಂತರೆ ಇವತ್ತಿಗೂ ಮೈ ಜುಂ ಅನ್ನುತ್ತದೆ. ಆದರೆ ನನಗೆ ಅಲ್ಲಿ ಬಂದ ಯೋಚನೆ ಬೇರೆ. ರಾಜ್ಯ ನಡೆಸುವುದು ಗೊತ್ತಿದ್ದ ಅಷ್ಟು ಜನ ಒಂದೇ ಸಲ ಹೋದರಲ್ಲ, ಮುಂದಿನ ರಾಜನಿಗೆ ದಾರಿ ಹೇಳಲು ಯಾರಿದ್ದರು? ನಮ್ಮ ಸಂಘಗಳೂ ಹೀಗೇ ಆಗುತ್ತವೆ. ಅಧ್ಯಕ್ಷ ಇಳಿದರೆ ಲೆಕ್ಕ ಗೊತ್ತಿರುವವರೂ ಅವನ ಹಿಂದೆಯೇ ಎದ್ದು ಹೋಗುತ್ತಾರೆ. ಹೊಸಬರಿಗೆ ಖಾಲಿ ಬೀರು ಸಿಗುತ್ತದೆ.

ಇನ್ನೊಂದು ಕಡೆ ಅಸ್ಸಾಂನ ಬೋಗಿಬೀಲ್ ಸೇತುವೆ ನೋಡಿ. ಬ್ರಹ್ಮಪುತ್ರದ ಮೇಲೆ ಹೆಚ್ಚುಕಡಿಮೆ 5 ಕಿಲೋಮೀಟರ್ ಉದ್ದ. 1997ರ ಜನವರಿಯಲ್ಲಿ ಶಂಕುಸ್ಥಾಪನೆ ಮಾಡಿದವರು ಪ್ರಧಾನಿಯಾಗಿದ್ದ ದೇವೇಗೌಡರು. ಏಪ್ರಿಲ್‌ನಲ್ಲಿ ಅವರು ಅಧಿಕಾರ ಕಳೆದುಕೊಂಡರು. ಸೇತುವೆ ಉದ್ಘಾಟನೆಯಾಗಿದ್ದು 2018ರ ಡಿಸೆಂಬರ್‌ನಲ್ಲಿ. ನಡುವೆ ಬಂದ ಸರ್ಕಾರಗಳು ಬೇರೆ ಬೇರೆ. ಒಬ್ಬರ ಕಲ್ಲಿನ ಮೇಲೆ ಇನ್ನೊಬ್ಬರು ಕಟ್ಟಬೇಕಾದರೆ ನಕ್ಷೆ ಕಡತದಲ್ಲಿ ಇರಬೇಕು, ಒಬ್ಬರ ತಲೆಯಲ್ಲಿ ಇದ್ದರೆ ಆಗುವುದಿಲ್ಲ.

ಆದ್ದರಿಂದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಿಮ್ಮೊಬ್ಬರಿಗೇ ಗೊತ್ತಿರುವ ವಿಷಯಗಳ ಪಟ್ಟಿ ಮಾಡಿ. ಬ್ಯಾಂಕಿನಲ್ಲಿ ಯಾರನ್ನು ಕೇಳಬೇಕು, ಆಡಿಟ್ ಕಡತ ಎಲ್ಲಿದೆ, ಕರೆಂಟ್ ಹೋದಾಗ ಹಾಲು ತಂಪು ಮಾಡುವ ಟ್ಯಾಂಕಿಗೆ ಜನರೇಟರ್ ಹಾಕುವುದು ಹೇಗೆ, ಯಾರ ಮನೆಯ ಬಾಕಿಯನ್ನು ಮೆತ್ತಗೆ ಕೇಳಬೇಕು. ಪ್ರತಿ ತಿಂಗಳು ಒಂದೊಂದನ್ನು ಇನ್ನೊಬ್ಬರಿಗೆ ಕಲಿಸಿ, ಪಟ್ಟಿಯಿಂದ ಹೊಡೆದುಹಾಕಿ. ವರ್ಷಕ್ಕೊಮ್ಮೆ ಬೇಕೆಂದೇ ಒಂದು ವಾರ ಡೇರಿ ಕಡೆ ಹೋಗಬೇಡಿ, ಫೋನೂ ತೆಗೆಯಬೇಡಿ. ಎಲ್ಲಿ ನಿಂತುಹೋಯಿತೋ ಅದೇ ಮುಂದಿನ ತಿಂಗಳ ಪಾಠ.

ನನ್ನ ಪಟ್ಟಿಯಲ್ಲಿ 23 ವಿಷಯ ಇತ್ತು. ಈಗ ನಾಲ್ಕು ಉಳಿದಿದೆ. ಬೀರುವಿನ ಬೀಗದ ಕೈ ಒಂದು ಕಾರ್ಯದರ್ಶಿ ಹತ್ತಿರ, ಒಂದು ಆ ಹೆಂಚಿನ ಮಾತಾಡಿದ ಅಕ್ಕನ ಹತ್ತಿರ. ಮೂರನೆಯದು ಕೊಪ್ಪಲಿನ ಅಜ್ಜಿಯ ಮೊಮ್ಮಗನ ಹತ್ತಿರ ಇದೆ. ಲಂಟಾನ ಕಡಿದ ಆರು ಹುಡುಗರಲ್ಲಿ ಅವನೂ ಒಬ್ಬ, ಈಗ ಬೆಳಗಿನ ಆಟೋ ಜೊತೆ ಅವನೇ ಹೋಗುತ್ತಾನೆ.